ಮಳಖೇಡದ ಕೋಟೆಯ ಓಣಿ

(ಶ್ರೀಮಠದ ಸುವರ್ಣಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪ್ರತಿವರ್ಷವೂ ಶ್ರಾವಣಮಾಸದಲ್ಲಿ ಶಾಸ್ತ್ರಪಾಠದ ನೆವದಿಂದ ನಿಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತ ಬಂದವನು ನಾನು. ಈ ಸಲದ ಉಪನ್ಯಾಸಕ್ಕೆ ವಿಷಯವಾವುದೆಂದು ಕೇಳಲು ಹೋದಾಗ ಶ್ರೀಗಳವರು ನಸುನಕ್ಕು, "ಶಾಸ್ತ್ರಿಗಳೇ, ಆತ್ಮನ ವಿಚಾರ ವರ್ಷಾ ಹೇಳತೀರಿ, ಈ ವರ್ಷ ಕಲ್ಲಿನ ವಿಚಾರ ಹೇಳ್ರಿ" ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯ ಹಿಂದೆ ಒಂದು ಕಾರಣವುಂಟು. ಅದು ನನ್ನ ತಪ್ಪಿಗೆ ಸಂಬಂಧಪಟ್ಟುದು. ಅದನ್ನು ಕೊನೆಯಲ್ಲಿ ನಿವೇದಿಸುವೆನು. ಮೊದಲು ನಿಮ್ಮನ್ನೆಲ್ಲ ಒಂದು ಹಳೆಯ ಓಣಿಯಲ್ಲಿ ನಡೆಯಿಸಿಕೊಂಡು ಹೋಗಬೇಕೆಂಬುದು ನನ್ನ ಇಚ್ಛೆ.

ಆ ಓಣಿಯು ಮಳಖೇಡದ್ದು. ಸೇಡಂ ಊರಿನಿಂದ ಕಲಬುರ್ಗಿಯ ಕಡೆಗೆ ಸುಮಾರು ನಾಲ್ಕು ಹರದಾರಿ ಹೋದರೆ ಕಾಗಿಣಾ ನದಿಯ ತೀರದಲ್ಲಿ ಮಳಖೇಡವು ಸಿಗುವುದು. ರೈಲಿನಲ್ಲಿ ಬರುವವರಿಗೆ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ಮಾರ್ಗದಲ್ಲಿ, ಚಿತ್ತಾಪುರವನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವಿರುವುದು. ಈ ಸಭೆಯಲ್ಲಿ ಮಳಖೇಡವನ್ನು ನೋಡದವರು ವಿರಳ. ಸಂತೆಗೋ, ಬೀಗರ ಮನೆಗೋ, ಸಿಮೆಂಟು ಕಾರ್ಖಾನೆಯ ಕೆಲಸಕ್ಕೋ ಹೋಗಿಬಂದವರೇ ಬಹಳ. ಆದರೆ ದೊಡ್ಡ ರಸ್ತೆಯನ್ನು ಬಿಟ್ಟು ಊರೊಳಗೆ ಹೊಕ್ಕು, ಕೋಟೆಯ ಅಗಸಿಯ ಕಡೆಗೂ ಹೊಳೆಯ ಕಡೆಗೂ ಇಳಿದು ಹೋಗುವ ಹಳೆಯ ದಾರಿಯಲ್ಲಿ, ಯಾವ ಕೆಲಸವೂ ಇಲ್ಲದೆ, ಬರಿದೆ ನೋಡುವುದಕ್ಕೆಂದು ನಡೆದವರು ಎಷ್ಟು ಜನವಿದ್ದೀರಿ? ಎರಡೂ ಬದಿಗೆ ಪರಸಿಕಲ್ಲಿನ ಗೋಡೆಗಳು, ಕಟ್ಟೆಗಳು, ತಗ್ಗು ಬಾಗಿಲುಗಳು. ಕಾಲ ಕೆಳಗೂ ಅದೇ ಕಲ್ಲು, ತಲೆಯ ಮೇಲಿನ ಮಾಳಿಗೆಗೂ ಅದೇ ಕಲ್ಲು. ಹೊರಗಿನ ದೇಶದವರು ಅದಕ್ಕೆ ಶಹಾಬಾದಿ ಕಲ್ಲೆಂದು ಹೆಸರಿಟ್ಟು ತಮ್ಮ ಮನೆಗಳಿಗೆ ಹಾಸಿಕೊಂಡರು; ನಮಗೆ ಅದು ನೆಲದಿಂದ ಪದರಪದರವಾಗಿ ಏಳುವ ಮನೆಯ ಸೊತ್ತು. ಇಂದು ಅದೇ ಸುಣ್ಣಕಲ್ಲನ್ನು ವಾಡಿಯಲ್ಲಿಯೂ ಮಳಖೇಡದಲ್ಲಿಯೂ ಅರೆದು ಸಿಮೆಂಟು ಮಾಡುವರು. ಕಟ್ಟುವ ಕಲ್ಲನ್ನು ಪುಡಿಮಾಡಿ, ಆ ಪುಡಿಯಿಂದ ಮರಳಿ ಕಲ್ಲಿನಂತಹ ಗೋಡೆಯನ್ನು ಮಾಡುವ ಈ ಕಾಲದ ಜಾಣತನವು ನನ್ನಂತಹ ಹಳಬನಿಗೆ ಪೂರ್ತಿಯಾಗಿ ತಿಳಿಯದು. ಅದಿರಲಿ.

ಈ ಮಳಖೇಡವೇ ರಾಷ್ಟ್ರಕೂಟ ಚಕ್ರವರ್ತಿಗಳ ಮಾನ್ಯಖೇಟ. ಕ್ರಿ. ಶ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನು ಇದನ್ನು ರಾಜಧಾನಿಯಾಗಿ ಮೆರೆಯಿಸಿದನು. ಅವನ ವಂಶದವರ ತಾಮ್ರಶಾಸನಗಳು ಈ ನಗರವನ್ನು ದೇವತೆಗಳ ಪಟ್ಟಣವೂ ನಾಚುವಂತಹದೆಂದು ಹೊಗಳಿರುವುವು. ಶಾಸನಕವಿಗಳ ಹೊಗಳಿಕೆಯಲ್ಲಿ ಅರ್ಧವನ್ನು ಕಳೆದರೂ ಉಳಿದ ಅರ್ಧವು ಸಣ್ಣದಲ್ಲ. ಅರಬ ದೇಶದ ವರ್ತಕರ ವೃತ್ತಾಂತಗಳಲ್ಲಿ ಇಲ್ಲಿಯ ಅರಸನು 'ಬಲ್ಹರಾ' ಎಂಬ ಹೆಸರಿನಿಂದ ಬರುವನು. 'ವಲ್ಲಭರಾಜ' ಎಂಬ ಬಿರುದು ಅವರ ನಾಲಗೆಯಲ್ಲಿ ಹಾಗಾಯಿತು. ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿರುವ 851ರ ವೃತ್ತಾಂತವು ಈ ಬಲ್ಹರಾನನ್ನು ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿರುವುದು. ಅವರ ಬರೆಹಗಳಲ್ಲಿ ಈ ಊರು 'ಮಾನ್‌ಕೀರ್'.

ನೃಪತುಂಗನ ಆಸ್ಥಾನದಲ್ಲಿಯೇ ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿದನು; ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದಕ್ಕಿಂತ ಹಳೆಯದು ಬೇರೊಂದಿಲ್ಲ. ಆದಿಪುರಾಣವನ್ನು ಸಂಸ್ಕೃತದಲ್ಲಿ ಬರೆದ ಜಿನಸೇನಾಚಾರ್ಯರು ಆ ಅರಸನಿಗೆ ಗುರುಗಳು. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು 'ಅಮೋಘವೃತ್ತಿ' ಎಂದು ಕರೆದನು. ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದು ಅದರ ಮೊದಲಿಗೆ ನೃಪತುಂಗನನ್ನು ಹರಸಿದನು. ಬಡ್ಡಿಯ ಲೆಕ್ಕ, ಬಂಗಾರದ ಬಣ್ಣದ ಲೆಕ್ಕ, ಪಾಲಿನ ಲೆಕ್ಕ ಎಲ್ಲವೂ ಅದರಲ್ಲಿರುವುವು. ಪೇಟೆಯ ಬೀದಿಯಿಲ್ಲದ ನಾಡಿನಲ್ಲಿ ಅಂತಹ ಲೆಕ್ಕಗಳು ಹುಟ್ಟುವುದಿಲ್ಲ. ಆದುದರಿಂದ ಆ ಗ್ರಂಥವನ್ನು ಓದುವಾಗಲೆಲ್ಲ ಮಾನ್ಯಖೇಟದ ಅಂಗಡಿಸಾಲುಗಳ ಗದ್ದಲವು ನನ್ನ ಕಿವಿಗೆ ಬಿದ್ದಂತಾಗುವುದು.

ಬಳಿಕ ಮೂರನೆಯ ಕೃಷ್ಣನ ಕಾಲ. ಪೊನ್ನನು ಅವನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಅದೇ ಕಾಲದಲ್ಲಿ ಪುಷ್ಪದಂತನೆಂಬ ಅಪಭ್ರಂಶ ಭಾಷೆಯ ಕವಿಯು ಬೇರೊಂದು ರಾಜಸಭೆಯಲ್ಲಿ ನೊಂದು, ದಾರಿನಡೆದು ದಣಿದು ಈ ಊರ ಹೊರಗಿನ ತೋಪಿಗೆ ಬಂದು ಕುಳಿತನು. ಅರಸನ ಮಂತ್ರಿಯಾದ ಭರತನು ಅವನನ್ನು ತನ್ನ ಮನೆಗೆ ಕರೆಯಿಸಿಕೊಂಡು, ಅನ್ನವಿತ್ತು, ಬರೆಯೆಂದು ಬೇಡಿಕೊಂಡನು. ಹಾಗೆ ಮೊದಲಾದ ಮಹಾಪುರಾಣವು 965ರಲ್ಲಿ ಮುಗಿಯಿತು. ಮಳಖೇಡದ ಯಾವ ಮೂಲೆಯಲ್ಲಿ ಆ ಭರತಮಂತ್ರಿಯ ಮನೆಯಿದ್ದಿತೋ! ನಮ್ಮ ಸೀಮೆಯಲ್ಲಿ ದಣಿದು ಬಂದವನನ್ನು ಕುಲವಾವುದೆಂದು ಕೇಳದೆ ಮೊದಲು ಉಣ್ಣಲು ಕರೆಯುವ ಪದ್ಧತಿಯು ಇಂದು ನಿನ್ನೆಯದಲ್ಲವೆಂಬುದಕ್ಕೆ ನಾನು ಯಾವಾಗಲೂ ಈ ಕಥೆಯನ್ನೇ ಹೇಳುವೆನು.

ಆದರೆ ಏಳೇ ವರ್ಷಗಳಲ್ಲಿ, ಎಂದರೆ 972ರಲ್ಲಿ, ಮಾಳವದ ಪರಮಾರ ಸೀಯಕನು ಖೊಟ್ಟಿಗನ ಮೇಲೆ ದಂಡೆತ್ತಿ ಬಂದು ಈ ನಗರವನ್ನು ಸೂರೆಮಾಡಿದನು. ಧನಪಾಲನೆಂಬ ಮಾಳವದ ಪಂಡಿತನು ತನ್ನ ಪ್ರಾಕೃತ ನಿಘಂಟಿನ ಕೊನೆಯಲ್ಲಿ, ಮಾನ್ಯಖೇಟವು ಸೂರೆಯಾದ ವರ್ಷದಲ್ಲಿ ಇದನ್ನು ಬರೆದೆನೆಂದು ಕಾಲವನ್ನು ಗುರುತಿಸಿರುವನು. ಗೆದ್ದವರ ಕಡೆಯ ಪಂಡಿತನಿಗೆ ಅದು ತಿಥಿಯ ಗುರುತು. ಸೋತವರ ಮನೆಯಲ್ಲಿ ಅನ್ನವುಂಡಿದ್ದ ಪುಷ್ಪದಂತನು ಮಾತ್ರ ತಾನಿನ್ನು ಎಲ್ಲಿ ವಾಸಿಸಲೆಂದು ಹಲುಬಿದನು. ಮರುವರ್ಷವೇ, 973ರಲ್ಲಿ, ಎರಡನೆಯ ತೈಲಪನು ರಾಷ್ಟ್ರಕೂಟರ ಕೊನೆಯ ಅರಸನಾದ ಕರ್ಕನನ್ನು ಗೆದ್ದು ಚಾಲುಕ್ಯರ ರಾಜ್ಯವನ್ನು ಮರಳಿ ಎತ್ತಿದನು. ಕೆಲವು ಕಾಲ ಚಾಲುಕ್ಯರಿಗೂ ಇದೇ ರಾಜಧಾನಿಯಾಗಿದ್ದು, ಒಂದನೆಯ ಸೋಮೇಶ್ವರನ ಕಾಲದಲ್ಲಿ ಸಿಂಹಾಸನವು ಕಲ್ಯಾಣಕ್ಕೆ ಹೋಯಿತು. ಆ ಕಲ್ಯಾಣವು ನಮಗೆ ಏನಾಯಿತೆಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ.

ಈಗ ಓಣಿಗೆ ಮರಳೋಣ. ಇಷ್ಟೆಲ್ಲ ವೈಭವವನ್ನು ಕಂಡ ನಗರದಲ್ಲಿ ನೃಪತುಂಗನ ಅರಮನೆ ಇದೇ ಎಂದು ಬೆರಳುಮಾಡಿ ತೋರಿಸಬಹುದಾದ ಒಂದು ಕಟ್ಟಡವಾದರೂ ಇಂದು ನಿಂತಿದೆಯೇ? ಇಲ್ಲ. ಇದೇ ವಂಶದ ಒಂದನೆಯ ಕೃಷ್ಣನು ಎಲ್ಲೋರದ ಬೆಟ್ಟದಲ್ಲಿ ಕೊರೆಯಿಸಿದ ಕೈಲಾಸನಾಥನ ಗುಡಿಯು ಸಾವಿರದ ಇನ್ನೂರು ವರ್ಷ ಕಳೆದರೂ ಲೋಕವನ್ನು ಬೆರಗುಗೊಳಿಸುತ್ತಿರುವುದು. ಅವರು ಉಂಡು ಮಲಗಿದ ಮನೆಯ ಗೋಡೆಯು ಮಾತ್ರ ಕಾಣದು. ಈಗ ಹೊಳೆಯ ದಂಡೆಗಿರುವ ಕೋಟೆಯಲ್ಲಿ ಅನಂತರದ ಅರಸರ ಕೆಲಸವು ಬಹಳ ಸೇರಿರುವುದು. ಬುರುಜಿನ ಮೇಲೆ ನಿಂತರೆ ಕಾಗಿಣೆಯ ತಿರುವು, ತೊಗರಿಯ ಹೊಲಗಳು, ಆಚೆಗೆ ಕಾರ್ಖಾನೆಯ ಹೊಗೆಕೊಳವೆಗಳು ಒಮ್ಮೆಗೇ ಕಾಣುವುವು. ಕೋಟೆಯ ಗೋಡೆಯು ಮಳೆಗಾಲದಲ್ಲಿ ಅಲ್ಲಲ್ಲಿ ಕುಸಿದುದೂ ಉಂಟು, ಸರಕಾರದವರು ಎತ್ತಿ ಕಟ್ಟಿದುದೂ ಉಂಟು.

ಆದರೆ ಅದೇ ಊರಿನಲ್ಲಿ ನೇಮಿನಾಥ ಬಸದಿಯಿರುವುದು. ಅದರ ಕಂಬಗಳಲ್ಲಿಯೂ ಗೋಡೆಗಳಲ್ಲಿಯೂ ರಾಷ್ಟ್ರಕೂಟರ ಕಾಲದ ಕೆಲಸವನ್ನು ಇಂದಿಗೂ ನೋಡಬಹುದು. ಒಳಗೆ ಪಂಚಲೋಹದ ಒಂದು ಸಣ್ಣ ಗುಡಿಯುಂಟು. ಅದರಲ್ಲಿ 96 ಬಿಂಬಗಳು. ಅದನ್ನು ಎರಕಹೊಯ್ದ ಕಂಚುಗಾರನ ಕೈಯ ಚಾತುರ್ಯವನ್ನು ನೋಡಿ ನಾನು ಮೊದಲ ಸಲ ಅಲ್ಲಿಯೇ ಅರ್ಧ ತಾಸು ನಿಂತುಬಿಟ್ಟಿದ್ದೆನು. ಅಲ್ಲಿ ಭಟ್ಟಾರಕರ ಪೀಠವೂ ಬಹುಕಾಲ ನಡೆದಿದ್ದಿತು. ದೂರದ ಕಾರಂಜಾ ಮತ್ತು ಲಾತೂರಿನ ಭಟ್ಟಾರಕ ಪರಂಪರೆಗಳು ತಮ್ಮ ಮೂಲವನ್ನು ಮಳಖೇಡಕ್ಕೆ ತಂದು ಮುಟ್ಟಿಸುವುವು. ಹೊಳೆಯ ದಂಡೆಗೆ ಉತ್ತರಾದಿ ಮಠದವರು ಶ್ರೀ ಜಯತೀರ್ಥರದೆಂದು ಪೂಜಿಸುತ್ತಿರುವ ವೃಂದಾವನವಿರುವುದು. ಮಧ್ವಾಚಾರ್ಯರ ಅನುವ್ಯಾಖ್ಯಾನಕ್ಕೆ 'ನ್ಯಾಯಸುಧಾ' ಎಂಬ ಟೀಕೆಯನ್ನು ಬರೆದು ಟೀಕಾಚಾರ್ಯರೆನಿಸಿದವರು ಅವರು. ನಾನು ಪಾಠಶಾಲೆಯಲ್ಲಿ ತರ್ಕವನ್ನೋದುವಾಗ ನಮ್ಮ ಗುರುಗಳು, "ಮತ ಬೇರೆಯಾದರೇನು, ಯುಕ್ತಿ ಕಟ್ಟುವುದನ್ನು ಸುಧೆಯಿಂದ ಕಲಿಯಬೇಕು" ಎನ್ನುತ್ತಿದ್ದರು. ಆಷಾಢ ಬಹುಳ ಪಂಚಮಿಯ ಆರಾಧನೆಗೆ ಅಲ್ಲಿ ನೆರೆಯುವ ಜನವನ್ನು ನೀವು ಕಂಡಿದ್ದೀರಿ. ಹೊಳೆಯು ತುಂಬಿದ ವರ್ಷ ನೀರು ಒಳಗೆ ನುಗ್ಗುವುದು. 2020ರ ಅಕ್ಟೋಬರದಲ್ಲಿ ಕಾಗಿಣೆಯು ಮಾಡಿದ ಹಾವಳಿಯು ಎಲ್ಲರಿಗೂ ನೆನಪಿರಬಹುದು. ನೀರು ಇಳಿದ ಮೇಲೆ ಕೆಸರನ್ನು ಬಳಿದು ದೀಪವನ್ನು ಹಚ್ಚುವರು. ಅದೇ ಊರಿನಲ್ಲಿ ಸೂಫಿ ಸಂತರೊಬ್ಬರ ದರ್ಗಾ ಉಂಟು. ಅಲ್ಲಿಯೂ ದೀಪವು ಆರಿಲ್ಲ.

ಇದರಿಂದ ನನಗೆ ತೋರಿದುದಿಷ್ಟು. ಈ ಓಣಿಯಲ್ಲಿ ಆಳಿದವರ ಕಟ್ಟಡಗಳು ಹೋದುವು, ಬಾಗಿದವರ ಕಟ್ಟಡಗಳು ಉಳಿದುವು. ಅರಸನ ಮನೆಗೆ ಅರಸನಿರುವ ವರೆಗೆ ಕಾವಲು. ಸಂಜೆಗೊಮ್ಮೆ ಕಸಗುಡಿಸಿ ಎಣ್ಣೆಹಾಕುವ ಮುದುಕಿಯು ಗುಡಿಗೆ ಸಾವಿರ ವರ್ಷದ ಕಾವಲು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಉಪನ್ಯಾಸವು ನಿಮ್ಮೆಲ್ಲರಿಗೂ ಹಿತವಾಗುತ್ತಿದ್ದಿತು. ಆದರೆ ಆ ಮುದುಕಿಯ ಎಣ್ಣೆಯೇ ಇನ್ನೊಂದು ಕೆಲಸವನ್ನೂ ಮಾಡಿರುವುದು. ಅದನ್ನು ಹೇಳುವುದಕ್ಕೆ ಮಳಖೇಡದಿಂದ ನಮ್ಮ ತಾಲೂಕಿನ ಮುಖ್ಯ ಊರಾದ ಸೇಡಮಿಗೆ ಬರಬೇಕು.

ಸೇಡಮಿನ ಹಳೆಯ ಹೆಸರು ಸೇಡಿಂಬ. ಪಂಚಲಿಂಗೇಶ್ವರನ ಗುಡಿಯನ್ನು ನೀವು ಬಲ್ಲಿರಿ. ಕೊತ್ತಲ ಬಸವೇಶ್ವರನಿಗಂತೂ ನಡೆದುಕೊಳ್ಳದವರಿಲ್ಲ. ಕೊತ್ತಲವೆಂದರೆ ಕೋಟೆಯ ಬುರುಜು, ಆದುದರಿಂದ ಆ ದೇವರ ಹೆಸರಿನೊಳಗೆ ಊರಿನ ಹಳೆಯ ಕೋಟೆಯ ನೆನಪು ಅಡಗಿರುವುದೆಂದು ನನ್ನ ಎಣಿಕೆ. ಈ ಊರಿನಲ್ಲಿ ಹಳೆಯ ಬಸದಿಗಳೂ ಇರುವುವು. ಅವುಗಳಿಗೆ ಸಂಬಂಧಪಟ್ಟ 1124ರ ಒಂದು ಶಾಸನವು ಆರನೆಯ ವಿಕ್ರಮಾದಿತ್ಯನ ಆಳಿಕೆಯದು. ಪಿ. ಬಿ. ದೇಸಾಯಿಯವರು ದಕ್ಷಿಣದ ಜೈನಧರ್ಮವನ್ನು ಕುರಿತು ಬರೆದು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಗ್ರಂಥದಲ್ಲಿ ಈ ಸೀಮೆಯ ಶಾಸನಗಳನ್ನು ವಿವರಿಸಿರುವರು. ಅದರಲ್ಲಿ ಕಾಣುವ ಸಂಗತಿಯು ಬಹಳ ರಸವತ್ತಾದುದು. ಸೇಡಿಂಬವು ಆಗ ಮುನ್ನೂರು ಮಹಾಜನರ ಅಗ್ರಹಾರ. ಆ ಮಹಾಜನರು ಬ್ರಾಹ್ಮಣರು, ನಾರಾಯಣನ ಭಕ್ತರು, ಅರುವತ್ತುನಾಲ್ಕು ಕಲೆಗಳಲ್ಲಿ ನಿಪುಣರು. ಮಂತ್ರಹೋಮಗಳ ಬಲದಿಂದ ಕಂಚಿಯ ಕೋಟೆಯ ಕದಗಳನ್ನೇ ತೆರೆಯಿಸಿದವರೆಂದು ಶಾಸನವು ಅವರನ್ನು ಹೊಗಳುವುದು. ಅಂತಹ ವೈದಿಕರು ಸೇರಿ ಕಟ್ಟಿಸಿದುದು ಏನನ್ನು? ಶಾಂತಿನಾಥ ತೀರ್ಥಂಕರನ ಬಸದಿಯನ್ನು! ತಮ್ಮ ಊರ ಬೀದಿಯಲ್ಲಿ ಪರಮತದ ದೇವಾಲಯವನ್ನು ತಾವೇ ನಿಂತು ಕಟ್ಟಿಸಿ ಅದಕ್ಕೆ ದತ್ತಿಯನ್ನು ಬಿಟ್ಟರು.

ಈ ಮಾತನ್ನು ಯಾವ ಪುರಾಣವೂ ಹೇಳಿಲ್ಲ, ಊರಿನ ಹಿರಿಯರ ಬಾಯಿಯಲ್ಲಿಯೂ ನಾನು ಕೇಳಿಲ್ಲ. ಕಲ್ಲೊಂದೇ ಹೇಳಿತು. ಆ ಕಲ್ಲಿನ ಅಕ್ಷರಗಳ ಮೇಲೆ ಯಾರಾದರೂ ಭಕ್ತಿಯಿಂದ ನಾಲ್ಕು ಸಲ ಬಣ್ಣ ಬಳಿದಿದ್ದರೆ, ಮುನ್ನೂರು ಮಹಾಜನರ ಆ ದೊಡ್ಡ ಮನಸ್ಸು ಬಣ್ಣದ ಕೆಳಗೇ ಮುಚ್ಚಿಹೋಗುತ್ತಿದ್ದಿತು.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿಯೂ ಇದೇ ಮಾತು. ಈಗ ಎಲ್ಲಮ್ಮನ ಜಾತ್ರೆಗೆ ಹೋಗುವವರಿಗೆ ಅರುವತ್ತು ಕಂಬದ ಗುಡಿಯು ಬಿಸಿಲು ತಪ್ಪಿಸಿಕೊಳ್ಳುವ ಒಂದು ತಾಣ. ಆದರೆ 1058ರ ಅಲ್ಲಿಯ ಶಾಸನವನ್ನು ನೋಡಿದರೆ, ಸೋಮೇಶ್ವರ ಚಕ್ರವರ್ತಿಯ ಅಧಿಕಾರಿಯಾದ ಮಧುಸೂದನನೆಂಬವನು ಅಲ್ಲಿ ಘಟಿಕಾಸ್ಥಾನವನ್ನು ಸ್ಥಾಪಿಸಿದ್ದನೆಂದು ತಿಳಿಯುವುದು. ನೂರಾರು ವಿದ್ಯಾರ್ಥಿಗಳಿಗೆ ಅಲ್ಲಿ ಅನ್ನ, ವಸತಿ, ಪಾಠ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಗ್ರಂಥಗಳನ್ನು ಕಾಯುವುದಕ್ಕೆಂದೇ ಬೇರೆ ಅಧಿಕಾರವುಂಟು. ಅದರ ಹೆಸರು ಸರಸ್ವತೀ ಭಂಡಾರಿಕ. ಓಲೆಗರಿಗಳನ್ನು ಕಾಯುವವನಿಗೆ ಸಂಬಳ ಕೊಡುತ್ತಿದ್ದ ಸೀಮೆಯಿದು! ನಮ್ಮ ಶ್ರೀಮಠದಲ್ಲಿ ಮೂವತ್ತು ವರ್ಷಗಳಿಂದ ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವವನಾದ ನಾನು ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ತಾವು ತಪ್ಪು ತಿಳಿಯಬಾರದು. ಆ ಶಾಸನಗಳನ್ನು 1928ರಲ್ಲಿ ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯವರು ಅಚ್ಚುಹಾಕಿಸಿದರು. ಉರ್ದುವೇ ದರಬಾರದ ಭಾಷೆಯಾಗಿದ್ದ ಕಾಲದಲ್ಲಿ ಕನ್ನಡದ ಕಲ್ಲನ್ನು ಓದಿಸಿ ಉಳಿಸಿದ ಆ ಉಪಕಾರವನ್ನು ಮರೆಯಲಾಗದು.

ಈಗ ನನ್ನ ತಪ್ಪಿನ ಮಾತು. ನಾನು ಹುಡುಗನಾಗಿ ಈ ಮಠಕ್ಕೆ ಓದಲು ಬಂದಾಗ, ಹಿತ್ತಲಿನ ಬಾವಿಯ ಹತ್ತಿರ ಮೊಳಕ್ಕಿಂತ ಸ್ವಲ್ಪ ಅಗಲವಾದ, ಆಳೆತ್ತರದ ಒಂದು ಕಲ್ಲು ಗೋಡೆಗೆ ಒರಗಿಕೊಂಡಿದ್ದಿತು. ಮೇಲೆ ಸೂರ್ಯಚಂದ್ರರು, ನಡುವೆ ಲಿಂಗ, ಒಂದು ಪಕ್ಕಕ್ಕೆ ಕರುವಿಗೆ ಹಾಲೂಡುವ ಆಕಳು. ಕೆಳಗೆ ಸಾಲುಸಾಲಾಗಿ ಅಕ್ಷರಗಳು. ಮಳೆಗಾಲದಲ್ಲಿ ಬಾವಿಯ ಬಳಿ ಕೆಸರಾಗುತ್ತಿದ್ದುದರಿಂದ ಅರಿವೆ ಒಗೆಯುವುದಕ್ಕೆ ಒಂದು ಹಾಸುಗಲ್ಲು ಬೇಕಾಯಿತು. ನಾವು ನಾಲ್ಕು ಮಂದಿ ವಿದ್ಯಾರ್ಥಿಗಳು ಹಗ್ಗಹಾಕಿ ಆ ಕಲ್ಲನ್ನೆಳೆದು ಕೆಡವಿದೆವು. ಲಿಂಗವಿರುವ ಕಲ್ಲಿನ ಮೇಲೆ ಕಾಲಿಡಬಾರದೆಂಬ ವಿವೇಕವಷ್ಟೇ ನಮಗೆ ಇದ್ದಿತು. ಆದುದರಿಂದ ಮೇಲಿನ ತುದಿಯನ್ನು ಗೋಡೆಯ ಬುಡದ ಮಣ್ಣಿನಲ್ಲಿ ಮುಚ್ಚಿ ಕೈಮುಗಿದು, ಅಕ್ಷರಗಳಿದ್ದ ಭಾಗವನ್ನು ಮೇಲ್ಮುಖವಾಗಿಯೇ ಹಾಸಿದೆವು. ಗೀರುಗಳಿದ್ದರೆ ಕಾಲು ಜಾರುವುದಿಲ್ಲವೆಂದು ಹೇಳಿದವನು ನಾನೇ.

ಹತ್ತು ವರ್ಷ ಆ ಕಲ್ಲಿನ ಮೇಲೆ ಅರಿವೆಗಳನ್ನು ಬಡಿದೆವು. ಅಷ್ಟರಲ್ಲಿ ನಾನು ಹಳಗನ್ನಡವನ್ನೋದಿದೆನು, ಹಳೆಯ ಲಿಪಿಯನ್ನು ಗುರುತಿಸುವುದನ್ನು ಕಲಿತೆನು. ಊರೂರಿಗೆ ಹೋಗಿ ಬೇರೆಯವರ ಗುಡಿಗಳ ಶಾಸನಗಳನ್ನು ನೋಡಿಬರುತ್ತಿದ್ದೆನು. ಒಂದು ಸಂಜೆ ಬಾವಿಯ ಬಳಿ ಕಾಲು ತೊಳೆಯುವಾಗ ತಟ್ಟನೆ ನೆನಪಾಗಿ ಬಾಗಿ ನೋಡಿದೆನು. ನಡುವಿನ ಸಾಲುಗಳೆಲ್ಲ ನುಣುಪಾಗಿ ಹೋಗಿದ್ದುವು. ದಾನ ಕೊಟ್ಟವನಾರು, ಕೊಂಡವನಾರು, ಯಾವ ಶಕ, ಯಾವ ಅರಸ? ಒಂದೂ ಇಲ್ಲ. ಬೆರಳಿಗೆ ಕಾಣುವಷ್ಟಾದರೂ ಉಳಿದಿರಬಹುದೆಂದು ದೀಪ ತಂದು, ಸುಣ್ಣದ ಪುಡಿಯನ್ನು ಹಚ್ಚಿ, ರಾತ್ರಿಯೆಲ್ಲ ತಡಕಿದೆನು. ಮೇಲಿನ ಸಾಲಿನಲ್ಲಿ ಮಂಗಳಾರಂಭದ 'ಸ್ವಸ್ತಿ', ಕೆಳಗಿನ ಅಂಚಿನಲ್ಲಿ ಈ ಧರ್ಮವನ್ನು ಕೆಡಿಸಿದವರಿಗೆ ತಟ್ಟುವ ಪಾಪದ ಕೊನೆಯ ಕೆಲವು ಅಕ್ಷರಗಳು. ಅದೇ ಉಳಿದುದು. ಬೆಳಗಾದ ಮೇಲೆ ಆಗಿನ ಹಿರಿಯ ಸ್ವಾಮಿಗಳ ಮುಂದೆ ಅಡ್ಡಬಿದ್ದು ಹೇಳಿಕೊಂಡೆನು. ಅವರು ಬೈಯಲಿಲ್ಲ. "ಎತ್ತಿ ನಿಲ್ಲಿಸಿರಿ" ಎಂದರು, ಅಷ್ಟೆ.

ಇದನ್ನು ಇಂದೇಕೆ ಹೇಳಿದೆನೆಂದರೆ, ಉತ್ಸವದ ನಿಮಿತ್ತ ತೇರಿನ ಬೀದಿಯನ್ನು ಅಗಲಿಸಬೇಕೆಂದೂ, ಬೀದಿಯ ತಲೆಯಲ್ಲಿರುವ ಹಳೆಯ ಅಗಸಿಯನ್ನು ತೆಗೆದು ಸಿಮೆಂಟಿನ ಮಹಾದ್ವಾರವನ್ನು ಕಟ್ಟಿಸಬೇಕೆಂದೂ ಭಕ್ತರು ನಿಶ್ಚಯಿಸಿರುವರು. ಕಳೆದ ತಿಂಗಳು ಅದೇ ಅಗಸಿಯ ಕಂಬಗಳಿಗೆ ಯಾರೋ ಪುಣ್ಯಾತ್ಮರು ಹಸುರು ಹಳದಿ ಎಣ್ಣೆಬಣ್ಣಗಳನ್ನು ಬಳಿಯಿಸಿರುವರು. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ನನ್ನ ಭಕ್ತಿಯೂ ಆಗ ಅಂತಹುದೇ ಆಗಿದ್ದಿತು. ತೇರು ದೊಡ್ಡದಾಯಿತು, ಜನ ಹೆಚ್ಚಿತು, ಬೀದಿಯು ಅಗಲವಾಗಬೇಕಾದುದು ನಿಜ. ಇಕ್ಕಟ್ಟಿನಲ್ಲಿ ಮಕ್ಕಳು ಸಿಕ್ಕಿಕೊಳ್ಳುವುದನ್ನು ನಾನೂ ಕಂಡು ಹೆದರಿರುವೆನು. ಆದರೆ ಅಗಸಿಯ ಎಡಗಂಬದ ಬುಡದಲ್ಲಿ, ನೆಲದಿಂದ ಗೇಣು ಮೇಲೆ, ಬಣ್ಣದ ಕೆಳಗೆ ಮೂರು ಸಾಲು ಅಕ್ಷರಗಳಿರುವುವು. ಅವನ್ನು ನಾನಿನ್ನೂ ಪೂರ್ತಿಯಾಗಿ ಓದಿಲ್ಲ.

ಆದುದರಿಂದ ಶ್ರೀಗಳವರಲ್ಲಿಯೂ ಹಿರಿಯರಲ್ಲಿಯೂ ನನ್ನ ಬೇಡಿಕೆಯಿಷ್ಟೆ. ಯಂತ್ರವನ್ನು ತರಿಸುವ ಮೊದಲು ಒಂದು ತಿಂಗಳ ಅವಕಾಶ ಕೊಡಬೇಕು. ಎಣ್ಣೆಬಣ್ಣವನ್ನು ಉಳಿಯಿಂದ ಕೆರೆಯಬಾರದು. ಅದನ್ನು ತೆಗೆಯುವ ಕ್ರಮವನ್ನು ಬಲ್ಲವರನ್ನು ಪುರಾತತ್ತ್ವ ಇಲಾಖೆಯಿಂದ ಕರೆಯಿಸೋಣ. ಅವರು ಕಾಗದವನ್ನು ನೆನೆಸಿ ಬಡಿದು, ಮಸಿಹಚ್ಚಿ ಪಡಿಯಚ್ಚನ್ನು ತೆಗೆದುಕೊಳ್ಳಲಿ. ಅನಂತರವೂ ಅಗಸಿಯನ್ನು ತೆಗೆಯಲೇಬೇಕೆಂದಾದರೆ, ಕಂಬಗಳಿಗೆ ಗುರುತುಹಾಕಿ ಬಿಚ್ಚಿ, ದಾಸೋಹದ ಮನೆಯ ಮುಂದೆ ಹಾಗೆಯೇ ನಿಲ್ಲಿಸಬಹುದು. ಅದರ ಕೂಲಿಗೆ ನನ್ನ ಪಾಲಿನ ಕಾಣಿಕೆಯನ್ನು ಶ್ರೀಗಳವರ ಪಾದದಲ್ಲಿ ಈಗಲೇ ಇಟ್ಟಿರುವೆನು. ತೇರು ಹೋಗುವುದಕ್ಕೆ ಅಗಸಿಯ ಪಕ್ಕದ ಮಠದ ಕಣವನ್ನೇ ಬಿಟ್ಟುಕೊಡಬಾರದೇಕೆ ಎಂದು ನಿನ್ನೆ ಒಬ್ಬ ತಾಯಿಯು ಕೇಳಿದರು. ಅಳೆದು ನೋಡಿದೆನು, ಹಾದಿಯು ಸಾಲುವುದು, ಕಣದ ಒಂದು ಬೇವಿನ ಮರ ಮಾತ್ರ ಅಡ್ಡವಾಗುವುದು. ಅದನ್ನು ಹಿರಿಯರು ವಿಚಾರಿಸಬೇಕು.

ನಮ್ಮ ಬಾವಿಯ ಕಲ್ಲನ್ನು ಈಗ ಗ್ರಂಥಭಂಡಾರದ ಬಾಗಿಲ ಎಡಕ್ಕೆ ನಿಲ್ಲಿಸಿರುವೆವು. ನಾಳೆ ಮಧ್ಯಾಹ್ನ ಪ್ರಸಾದವಾದ ಮೇಲೆ ನಾನು ಅಲ್ಲಿಯೇ ಕುಳಿತಿರುವೆನು. ಹೊತ್ತು ಇಳಿದು ಬಿಸಿಲು ಓರೆಯಾಗಿ ಬಿದ್ದಾಗ ಅಳಿದ ಸಾಲುಗಳಲ್ಲಿಯೂ ಒಂದೆರಡು ಗೆರೆಗಳು ಎದ್ದು ಕಾಣುವುವು. ನನ್ನ ಕಣ್ಣು ಮೊದಲಿನಂತಿಲ್ಲ. ಎಳೆಯ ಕಣ್ಣಿನವರು ಯಾರಾದರೂ ಬಂದು ನೋಡಿದರೆ ಉಪಕಾರವಾಗುವುದು.